ಪ್ರೊಸೆಸರಿನ ವೋಲ್ಟೇಜ್: ಒಂದು ಪಾಠವನ್ನು ಎರಡು ಬಾರಿ ಬೋಧಿಸಿದ ಅನುಭವ

ತರಗತಿ: 10. ವಿಷಯ: ವಿಜ್ಞಾನ. ಘಟಕ: ವಿದ್ಯುಚ್ಛಕ್ತಿ. ಉಪಘಟಕ: ವಿದ್ಯುತ್ ಪ್ರವಾಹದ ಉಷ್ಣೋತ್ಪನ್ನ ಪರಿಣಾಮ. ಅವಧಿ: 40 ನಿಮಿಷಗಳ ಎರಡು ತರಗತಿ.

ಈ ಉಪಘಟಕಕ್ಕೆ ಇಸ್ತ್ರಿಪೆಟ್ಟಿಗೆ, ಹೀಟರ್, ಫ್ಯೂಸ್ ಇವೇ ಎಲ್ಲರ ಉದಾಹರಣೆಗಳು. ನನ್ನ ಹಿಂದಿನ ವಾರದ ಸಹಪಾಠಿಯೂ ಅವನ್ನೇ ಬಳಸಿದ್ದರಿಂದ ನನಗೆ ಬೇರೆಯದು ಬೇಕೆನಿಸಿತು. ಬಿ.ಎಸ್ಸಿ. ಓದುವಾಗ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹಳೆಯ ಇಂಟೆಲ್ ಕೋರ್ ಐ5-2500ಕೆ ಪ್ರೊಸೆಸರ್ ಕೊಂಡಿದ್ದೆ. 2011ರಲ್ಲಿ ಮಾರುಕಟ್ಟೆಗೆ ಬಂದ ಅದರ ಮೂಲ ವೇಗ 3.3 ಗಿಗಾಹರ್ಟ್ಸ್. ಹೆಸರಿನ ಕೊನೆಯ ‘ಕೆ’ ಎಂದರೆ ವೇಗದ ಗುಣಕವನ್ನು ನಾವೇ ಬದಲಿಸಬಹುದು ಎಂದು ಅರ್ಥ. ಅದನ್ನು ಓವರ್‌ಕ್ಲಾಕ್ ಮಾಡಿ 4.4 ಗಿಗಾಹರ್ಟ್ಸ್‌ನಲ್ಲಿ ಓಡಿಸುತ್ತಿದ್ದೆ. ಇದಕ್ಕಿಂತ ಜೀವಂತ ಉದಾಹರಣೆ ಯಾವುದಿದೆ ಎಂದುಕೊಂಡು ಪಾಠಯೋಜನೆಯ ಪ್ರೇರಣೆಯ ಹಂತದಲ್ಲಿ ಬರೆದೆ. ಮಾರ್ಗದರ್ಶಕರು ಪಕ್ಕದಲ್ಲಿ ಪೆನ್ಸಿಲಿನಿಂದ ಪ್ರಶ್ನಾರ್ಥಕ ಚಿಹ್ನೆ ಹಾಕಿ ಸಹಿ ಮಾಡಿದರು. ಏಕೆ ಎಂದು ನಾನು ಕೇಳಲಿಲ್ಲ.

ಮೊದಲ ದಿನ ಹಳೆಯ ಹೀಟ್‌ಸಿಂಕ್ ಮತ್ತು ಫ್ಯಾನ್ ತೋರಿಸಿದೆ, ಮಕ್ಕಳು ಕೈಯಿಂದ ಕೈಗೆ ದಾಟಿಸಿ ನೋಡಿದರು. ಸಾಮರ್ಥ್ಯವೆಂದರೆ ವಿಭವಾಂತರದ ವರ್ಗವನ್ನು ರೋಧದಿಂದ ಭಾಗಿಸಿದ್ದು ಎಂದು ಹಲಗೆಯ ಮೇಲೆ ಬರೆದು, 1.2 ವೋಲ್ಟ್ ಇದ್ದದ್ದನ್ನು 1.35 ವೋಲ್ಟ್ ಮಾಡಿದರೆ ಉಷ್ಣ ಸುಮಾರು 1.27 ಪಟ್ಟು ಆಗುತ್ತದೆ ಎಂದು ಲೆಕ್ಕ ಮಾಡಿಸಿದೆ. ಎಲ್ಲ ಸರಾಗವಾಗಿತ್ತು. ಆಗ ಎರಡನೇ ಬೆಂಚಿನ ಹುಡುಗಿಯೊಬ್ಬಳು ಎದ್ದು, “ಮಿಸ್, ವೋಲ್ಟೇಜ್ ಮುಟ್ಟದೆ ವೇಗ ಮಾತ್ರ ಜಾಸ್ತಿ ಮಾಡಿದರೆ ಬಿಸಿ ಆಗಲ್ವಾ?” ಎಂದಳು. ಆಗುತ್ತದೆ ಎಂದು ನನಗೆ ಅನುಭವದಿಂದ ಗೊತ್ತು. ಆದರೆ ನಾನು ಬರೆದ ಸೂತ್ರದಲ್ಲಿ ವೇಗಕ್ಕೆ ಜಾಗವೇ ಇರಲಿಲ್ಲ. “ರೋಧ ಕಡಿಮೆಯಾಗುತ್ತದೆ” ಎಂದು ಬಾಯಿಗೆ ಬಂದದ್ದನ್ನು ಹೇಳಿ ಕುಳ್ಳಿರಿಸಿದೆ. ಅವಳು ಕುಳಿತಳು, ಒಪ್ಪಲಿಲ್ಲ.

ಇನ್ನೊಂದು ತಪ್ಪು ಗಂಟೆ ಹೊಡೆದ ಮೇಲೆ ತಿಳಿಯಿತು. ಒಬ್ಬ ಹುಡುಗ ಬಾಗಿಲಲ್ಲಿ ಕಾದಿದ್ದು, “ಅಣ್ಣನ ಜೆರಾಕ್ಸ್ ಅಂಗಡಿ ಕಂಪ್ಯೂಟರ್ ತುಂಬಾ ನಿಧಾನ ಮಿಸ್, ಇವತ್ತೇ ವೋಲ್ಟೇಜ್ ಏರಿಸ್ತೀನಿ” ಎಂದ. ಆ ಮನೆಗೆ ಆ ಯಂತ್ರವೇ ಅನ್ನ. ಏರಿಸುವುದನ್ನು ನಾನು ಉತ್ಸಾಹದಿಂದ ವಿವರಿಸಿದ್ದೆ. ಎಲ್ಲಿ ನಿಲ್ಲಿಸಬೇಕು ಎಂಬುದರ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ನಾಳೆಯ ಪಾಠ ಮುಗಿಯುವವರೆಗೆ ಏನನ್ನೂ ಮುಟ್ಟಬೇಡ ಎಂದು ಅವನಿಂದ ಮಾತು ತೆಗೆದುಕೊಂಡೆ.

ಅವಲೋಕನ ಚರ್ಚೆಯಲ್ಲಿ ಮಾರ್ಗದರ್ಶಕರು ಕೇಳಿದ್ದು ಒಂದೇ: “ಪ್ರೊಸೆಸರ್ ಇಸ್ತ್ರಿಪೆಟ್ಟಿಗೆಯ ಹಾಗೆ ಒಂದು ತಂತಿಯೇ?” ಅಲ್ಲ. ಅದರಲ್ಲಿರುವುದು ತೆರೆದು ಮುಚ್ಚುವ ಕೋಟಿಗಟ್ಟಲೆ ಟ್ರಾನ್ಸಿಸ್ಟರ್‌ಗಳು. ಪ್ರತಿ ಬಾರಿ ಸ್ಥಿತಿ ಬದಲಿಸುವಾಗ ಒಂದಿಷ್ಟು ವಿದ್ಯುದಾವೇಶ ತುಂಬುತ್ತದೆ, ಬರಿದಾಗುತ್ತದೆ. ಹತ್ತನೇ ತರಗತಿಯಲ್ಲಿ ಧಾರಕದ ಪಾಠವಿಲ್ಲ. ಆದರೆ ಒಂದು ಕೂಲಮ್ ಆವೇಶ ಒಂದು ವೋಲ್ಟ್ ದಾಟಿದರೆ ಒಂದು ಜೌಲ್ ಕೆಲಸ ಎಂಬ ಪೂರ್ವಜ್ಞಾನ ಮಕ್ಕಳಿಗಿದೆ. ಅದಷ್ಟರಿಂದಲೇ ಸೂತ್ರ ಕಟ್ಟಬಹುದು ಎಂದು ರಾತ್ರಿ ಕುಳಿತಾಗ ಹೊಳೆಯಿತು.

ಮರುದಿನ ಒಂದು ನೇರ ಗೋಡೆಯ ಸ್ಟೀಲ್ ಡಬ್ಬ ತೆಗೆದುಕೊಂಡು ಹೋದೆ. ಹೆಚ್ಚು ಎತ್ತರಕ್ಕೆ ತುಂಬಿಸಿದರೆ ಎರಡು ಸಂಗತಿ ನಡೆಯುತ್ತವೆ: ನೀರಿನ ಪ್ರಮಾಣ ಹೆಚ್ಚುತ್ತದೆ, ಆ ನೀರನ್ನು ಇಳಿಸುವ ಎತ್ತರವೂ ಹೆಚ್ಚುತ್ತದೆ. ಹಾಗೆಯೇ ವೋಲ್ಟೇಜ್ ಹೆಚ್ಚಿದರೆ ತುಂಬುವ ಆವೇಶವೂ ಹೆಚ್ಚು, ಪ್ರತಿ ಕೂಲಮ್ ಹೊತ್ತು ತರುವ ಶಕ್ತಿಯೂ ಹೆಚ್ಚು. ವರ್ಗ ಬಂದದ್ದು ಇಲ್ಲಿಂದ. ಇನ್ನು ಸೆಕೆಂಡಿಗೆ ಎಷ್ಟು ಬಾರಿ ತುಂಬಿ ಚೆಲ್ಲುತ್ತೇವೆ ಎಂಬುದೇ ಆವೃತ್ತಿ. ಹೀಗಾಗಿ ಸಾಮರ್ಥ್ಯವು ಆವೃತ್ತಿಗೂ ವೋಲ್ಟೇಜಿನ ವರ್ಗಕ್ಕೂ ಅನುಪಾತೀಯ. ನಿನ್ನೆಯ ಹುಡುಗಿಯನ್ನೇ ಕರೆದು ಹಲಗೆಯ ಮೇಲೆ ಬರೆಸಿದೆ, ನಿನ್ನೆ ನಾನು ಹೇಳಿದ್ದು ಸರಿಯಿಲ್ಲ ಎಂದೂ ಹೇಳಿದೆ. (ಪರಿಣಾಮದಲ್ಲಿ ರೋಧ ಕಡಿಮೆಯಾದಂತೆಯೇ ಕಾಣುತ್ತದೆ, ನಿಮ್ಮ ಉತ್ತರ ಪೂರ್ತಿ ತಪ್ಪಲ್ಲ ಎಂದು ಮಾರ್ಗದರ್ಶಕರು ಆಮೇಲೆ ಹೇಳಿದರು. ಆದರೆ ನಾನು ಅದನ್ನು ತಿಳಿದು ಹೇಳಿರಲಿಲ್ಲ.)

ವೇಗ 3.3ರಿಂದ 4.4ಕ್ಕೆ ಎಂದರೆ 1.33 ಪಟ್ಟು. ವೋಲ್ಟೇಜಿನ ವರ್ಗ 1.27 ಪಟ್ಟು. ಗುಣಿಸಿದರೆ ಸುಮಾರು 1.69. ಆ ಪ್ರೊಸೆಸರಿಗೆ ಕಂಪನಿ ಕೊಟ್ಟಿರುವ ಉಷ್ಣದ ಅಂಕಿ 95 ವ್ಯಾಟ್. ಅದನ್ನೇ ಆಧಾರವಾಗಿಟ್ಟರೆ ಸುಮಾರು 160 ವ್ಯಾಟ್ ಆಗುತ್ತದೆ. ಇದು ಅಂದಾಜು ಮಾತ್ರ. ಟ್ರಾನ್ಸಿಸ್ಟರ್‌ಗಳಲ್ಲಿ ಸೋರುವ ಪ್ರವಾಹವೂ ಇದೆ, ಅದು ಬಿಸಿ ಹೆಚ್ಚಿದಂತೆ ಹೆಚ್ಚುತ್ತದೆ. ಮೂರನೇ ಒಂದು ಭಾಗ ವೇಗಕ್ಕೆ ಮೂರನೇ ಎರಡು ಭಾಗ ಉಷ್ಣ ತೆರಬೇಕು ಎಂದಾಗ ತರಗತಿಯಲ್ಲಿ ಸದ್ದಾಯಿತು.

ಹಾಗಾದರೆ ವೋಲ್ಟೇಜ್ ಏಕೆ ಏರಿಸಬೇಕು? 3.3 ಗಿಗಾಹರ್ಟ್ಸ್‌ನಲ್ಲಿ ಒಂದು ಆವರ್ತಕ್ಕೆ ಸಿಗುವ ಕಾಲ 0.30 ನ್ಯಾನೋಸೆಕೆಂಡ್, 4.4ರಲ್ಲಿ 0.23. ಅಷ್ಟರೊಳಗೆ ಡಬ್ಬ ಗುರುತಿನ ಗೆರೆಯವರೆಗೆ ತುಂಬಬೇಕು. ತುಂಬದಿದ್ದರೆ ಮುಂದಿನ ಹಂತವು ಒಂದನ್ನು ಸೊನ್ನೆ ಎಂದು ಓದುತ್ತದೆ, ಕಂಪ್ಯೂಟರ್ ನಿಂತುಹೋಗುತ್ತದೆ, ಅಥವಾ ನಿಲ್ಲದೆ ತಪ್ಪು ಉತ್ತರ ಕೊಡುತ್ತದೆ. ಎರಡನೆಯದೇ ಹೆಚ್ಚು ಅಪಾಯ. ಟ್ಯಾಂಕನ್ನು ಎತ್ತರಕ್ಕೇರಿಸಿದರೆ ನಲ್ಲಿಯ ರಭಸ ಹೆಚ್ಚುವಂತೆ ವೋಲ್ಟೇಜ್ ಏರಿಸಿದರೆ ಬೇಗ ತುಂಬುತ್ತದೆ. ಆದ್ದರಿಂದ ಕ್ರಮ ಹೀಗೆ: ಗುಣಕವನ್ನು ಒಂದೊಂದೇ ಏರಿಸಿ ಪರೀಕ್ಷಿಸುವುದು, ತಪ್ಪಿದಾಗ ಮಾತ್ರ 0.01 ಅಥವಾ 0.02 ವೋಲ್ಟ್ ಏರಿಸುವುದು, ಉಷ್ಣತೆ ನೋಡುವುದು.

ಇಲ್ಲಿ ನನ್ನದೇ ಕಥೆ ಹೇಳಿದೆ. ಮೊದಲ ಸಲ ನಾನು ವೇಗ ಮಾತ್ರ ಏರಿಸಿ ವೋಲ್ಟೇಜನ್ನು ‘ಆಟೋ’ದಲ್ಲಿ ಬಿಟ್ಟಿದ್ದೆ. ಮದರ್‌ಬೋರ್ಡ್ ತನ್ನ ಕ್ಷೇಮಕ್ಕೆ 1.42 ವೋಲ್ಟ್ ಕೊಡುತ್ತಿತ್ತು. ಕೈಯಾರೆ ಇಳಿಸುತ್ತ ಬಂದಾಗ 1.34 ಸಾಕಾಯಿತು. ಆ ಎರಡರ ವರ್ಗಗಳ ಅನುಪಾತ 1.12. ಎರಡು ತಿಂಗಳು ಶೇ. 12ರಷ್ಟು ಉಷ್ಣವನ್ನು ಸುಮ್ಮನೆ ಕಾಯಿಸಿದ್ದೆ.

ಭಾರ ಬಿದ್ದಾಗ ವೋಲ್ಟೇಜ್ ಕುಸಿಯುವುದನ್ನು ವಿವರಿಸಲು ನನ್ನ ಬಳಿ ಚಿತ್ರವಿತ್ತು, ಬೇಕಾಗಲಿಲ್ಲ. “ಪಂಪ್‌ಸೆಟ್ ಹಾಕಿದಾಗ ಬಲ್ಬ್ ಮಂಕಾಗ್ತದಲ್ಲ, ಹಂಗೆ” ಎಂದು ಹಿಂದಿನ ಸಾಲಿನಿಂದ ಬಂತು. ಪಂಪ್ ನಿಲ್ಲಿಸಿದಾಗ ಏನಾಗುತ್ತದೆ ಎಂದೆ. ಬಲ್ಬ್ ಒಮ್ಮೆಲೇ ಪ್ರಖರವಾಗುತ್ತದೆ ಎಂದರು. ಕುಸಿತ ತಡೆಯಲು ಲೋಡ್‌ಲೈನ್ ಕ್ಯಾಲಿಬ್ರೇಷನ್ ಎಂಬ ಸೆಟ್ಟಿಂಗ್ ಇದೆ. ಅದನ್ನು ಅತಿಯಾಗಿ ಇಟ್ಟರೆ ಭಾರ ಇಳಿದ ಕ್ಷಣ ವೋಲ್ಟೇಜ್ ನಾವು ಇಟ್ಟದ್ದನ್ನೂ ಮೀರಿ ಚಿಮ್ಮುತ್ತದೆ. ನಾನು ಮಧ್ಯದ ಹಂತದಲ್ಲಿ ಬಿಡುವವಳು.

ಮಿತಿಯ ವಿಷಯಕ್ಕೆ ಹತ್ತು ನಿಮಿಷ ಇಟ್ಟಿದ್ದೆ. ಹೆಚ್ಚು ವೋಲ್ಟೇಜ್ ಮತ್ತು ಉಷ್ಣತೆಯಲ್ಲಿ ಚಿಪ್ಪಿನೊಳಗಿನ ಲೋಹದ ಪರಮಾಣುಗಳು ಪ್ರವಾಹದೊಂದಿಗೆ ನಿಧಾನವಾಗಿ ಸರಿಯುತ್ತವೆ, ನಿರೋಧಕ ಪದರಗಳೂ ಸವೆಯುತ್ತವೆ. ಹಾನಿ ಅಂದೇ ಕಾಣುವುದಿಲ್ಲ. ಕಂಪನಿಗಳಿಗೂ ಇದು ತಪ್ಪಿದ್ದಲ್ಲ: ತನ್ನ 13 ಮತ್ತು 14ನೇ ಪೀಳಿಗೆಯ ಕೆಲವು ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು ಮಿತಿಮೀರಿದ ವೋಲ್ಟೇಜ್ ಕೇಳುತ್ತಿದ್ದವೆಂದು ಇಂಟೆಲ್ 2024ರಲ್ಲಿ ಒಪ್ಪಿಕೊಂಡು, 1.55 ವೋಲ್ಟಿಗಿಂತ ಹೆಚ್ಚು ಕೇಳದಂತೆ ತಿದ್ದುಪಡಿ ಹೊರತಂದಿತು. ಹಾನಿಯಾದ ಚಿಪ್ಪನ್ನು ಆ ತಿದ್ದುಪಡಿ ಸರಿಮಾಡಲಾರದು.

ಮೌಲ್ಯಮಾಪನದ ಪ್ರಶ್ನೆಯನ್ನು ಬೇಕೆಂದೇ ತಿರುಗಿಸಿದೆ: ವೇಗ ಅಷ್ಟೇ ಇಟ್ಟು 1.2 ವೋಲ್ಟನ್ನು 1.1ಕ್ಕೆ ಇಳಿಸಿದರೆ ಉಷ್ಣ ಎಷ್ಟು ಉಳಿಯುತ್ತದೆ? 38 ಮಂದಿಯಲ್ಲಿ 27 ಮಂದಿ ಸುಮಾರು ಶೇ. 16 ಎಂದು ಸರಿಯಾಗಿ ಬರೆದರು. ಆರು ಮಂದಿ ವರ್ಗ ಮಾಡಲು ಮರೆತು ಶೇ. 8 ಎಂದರು. ಸೂತ್ರ ಕಟ್ಟುವ ಹಂತದಲ್ಲಿ ಡಬ್ಬವನ್ನು ಅವರ ಕೈಗೇ ಕೊಟ್ಟು ಅಳೆಸಬೇಕಿತ್ತು ಎಂದು ನನ್ನ ದಾಖಲೆಯಲ್ಲಿ ಬರೆದುಕೊಂಡಿದ್ದೇನೆ.

ಸೋಮವಾರ ಆ ಹುಡುಗ ಸಿಕ್ಕಿದ. ಅಂಗಡಿಯ ಕಂಪ್ಯೂಟರಿನಲ್ಲಿ ವೋಲ್ಟೇಜ್ ಬದಲಿಸುವ ಸೌಲಭ್ಯವೇ ಇರಲಿಲ್ಲವಂತೆ. “ಅಣ್ಣ ಮುಚ್ಚಳ ಬಿಚ್ಚಿದ ಮಿಸ್. ಹೀಟ್‌ಸಿಂಕ್ ತುಂಬ ಧೂಳು, ಬಟ್ಟೆ ಥರ ಎದ್ದು ಬಂತು. ಬ್ರಷ್ ಹಾಕಿ ತೆಗೆದ್ವಿ. ಈಗ ಫ್ಯಾನ್ ಅಷ್ಟು ಅರಚಲ್ಲ.”