ಮರಿಯಾಗದ ಮೊಟ್ಟೆ ಬಿಸಾಡಬೇಡ

ತಮ್ಮಾ, ಪಾರ್ಸೆಲ್‌ನಲ್ಲಿ ತರಿಸಿದ ಕಡಕ್‌ನಾಥ್ ಮೊಟ್ಟೆಯಲ್ಲಿ ಅರ್ಧವೂ ಮರಿಯಾಗಲಿಲ್ಲವೆಂದು ಮಾರಿದವನ ಮೇಲೆ ಹರಿಹಾಯುತ್ತಿದ್ದೀಯಂತೆ. ಸ್ವಲ್ಪ ತಡಿ. ದೂರದಿಂದ ಕುಲುಕಾಡಿಕೊಂಡು ಬಂದ ಮೊಟ್ಟೆ ಅರ್ಧ ಮರಿಯಾದರೂ ಕೆಟ್ಟ ಲೆಕ್ಕವೇನಲ್ಲ. ನಿಮ್ಮನೆ ಹ್ಯಾಟೆಯ ಮೊಟ್ಟೆಗೆ ಅದನ್ನು ಹೋಲಿಸಬೇಡ.

ತಪ್ಪು ಯಾರದೆಂದು ತಿಳಿಯಬೇಕೆಂದರೆ ಮೊಟ್ಟೆಯನ್ನೇ ಕೇಳಬೇಕು. ಏಳನೇ ದಿನ ರಾತ್ರಿ ಟಾರ್ಚ್ ಹಿಡಿದು ನೋಡು. ನರ ಕಾಣದೆ ಖಾಲಿಯಾಗಿ ಹೊಳೆಯುವುದನ್ನು ತೆಗೆದು ತಟ್ಟೆಗೆ ಒಡಿ. ಹಳದಿಯ ಮೇಲೆ ಬರೀ ಸಣ್ಣ ಬಿಳಿ ಚುಕ್ಕೆ ಇದ್ದರೆ ಅದಕ್ಕೆ ಹುಂಜ ಸೇರಿಯೇ ಇಲ್ಲ. ಆಗ ಮಾರಿದವನನ್ನು ಕೇಳು. ಚುಕ್ಕೆ ಬಿಳಿ ಪೊರೆಯಾಗಿ ಹರಡಿದ್ದರೆ, ಇಲ್ಲವೇ ರಕ್ತದ ಉಂಗುರ ಕಟ್ಟಿದ್ದರೆ, ಜೀವ ಹಿಡಿದು ಆಮೇಲೆ ಸತ್ತಿದೆ. ಇಂಥದ್ದೇ ಹೆಚ್ಚಿದ್ದರೆ ನನ್ನ ಅನುಮಾನ ಮೊದಲು ದಾರಿಯ ಬಿಸಿಲಿನ ಮೇಲೆ. 21 ಡಿಗ್ರಿ ದಾಟಿದರೆ ಮೊಟ್ಟೆಯೊಳಗೆ ಬೆಳವಣಿಗೆ ಶುರುವಾಗುತ್ತದೆ. ರಾತ್ರಿಯ ತಂಪಿಗೆ ನಿಂತು, ಹಗಲಿಗೆ ಮತ್ತೆ ಎದ್ದು, ಹೀಗೇ ಸೊರಗುತ್ತದೆ. ಪೂರ್ತಿ ಬೆಳೆದ ಮರಿ ಚಿಪ್ಪು ಕುಟ್ಟದೆ ಸತ್ತಿದ್ದರೆ ಮಾತ್ರ ಮರಿ ಮಾಡಿಸುವ ನಿನ್ನ ಮಷಿನ್ ಕಡೆ ತಿರುಗು.

ಫ್ಯಾನ್ ಇರುವ ಮಷಿನ್‌ಗೆ 37.5 ಡಿಗ್ರಿ. ಅದರ ಡಿಸ್‌ಪ್ಲೇ ನಂಬಬೇಡ, ಇನ್ನೊಂದು ಥರ್ಮಾಮೀಟರ್ ಇಟ್ಟು ತಾಳೆ ನೋಡು. ತೇವ ಸರಿಯಿದೆಯೇ ಎನ್ನುವುದಕ್ಕೆ ತಕ್ಕಡಿ ಸಾಕು: 50 ಗ್ರಾಂ ಮೊಟ್ಟೆ ಹದಿನೆಂಟನೇ ದಿನಕ್ಕೆ ಸುಮಾರು 44ಕ್ಕೆ ಇಳಿದಿರಬೇಕು. ಇಳಿಯದಿದ್ದರೆ ನೀರು ಜಾಸ್ತಿಯಾಗಿದೆ.

ಮುಂದಿನ ಸಲ ಪಾರ್ಸೆಲ್ ಬಂದ ತಕ್ಷಣ ಮಷಿನ್‌ಗೆ ತುರುಕಬೇಡ (ನಿನ್ನ ಅವಸರ ನನಗೆ ಗೊತ್ತಿಲ್ಲವೇ!). ಚೂಪು ತುದಿ ಕೆಳಗಾಗಿ ಟ್ರೇಯಲ್ಲಿ ನಿಲ್ಲಿಸಿ, ತಂಪು ಕೋಣೆಯಲ್ಲಿ ಒಂದು ದಿನ ಬಿಡು. ತೊಳೆಯಲು ಹೋಗಬೇಡ. ಟಾರ್ಚ್‌ನಲ್ಲಿ ದಪ್ಪ ತುದಿಯ ಗಾಳಿಚೀಲ ನೋಡು. ಮೊಟ್ಟೆ ಓಲಿಸಿದಾಗ ಅದೂ ಜಾರಾಡಿದರೆ ದಾರಿಯಲ್ಲಿ ಕಿತ್ತಿದೆ ಎಂದರ್ಥ. ಅಂಥವನ್ನು ಮೊದಲ ಕೆಲವು ದಿನ ತಿರುಗಿಸದೆ ನಿಲ್ಲಿಸಿಯೇ ಇಡು, ಆಮೇಲೂ ಮಲಗಿಸದೆ ಅತ್ತಿತ್ತ ವಾಲಿಸಿದರೆ ಸಾಕು.

ಜೊತೆಗೆ ಮನೆಯ ನಾಲ್ಕು ಮೊಟ್ಟೆಗೆ ಪೆನ್ಸಿಲ್ ಗುರುತು ಹಾಕಿ ಅದೇ ಟ್ರೇಯಲ್ಲಿಡು. ಅವು ಮರಿಯಾಗಿ ಇವು ಆಗದಿದ್ದರೆ ಮಷಿನ್ ತಪ್ಪಿಲ್ಲ. ಮೊಟ್ಟೆಗೆ ಹೇಳುವಾಗ ಇಟ್ಟು ಒಂದು ವಾರದೊಳಗಿನದ್ದೇ ಬೇಕು ಅನ್ನು. ಈ ಏಪ್ರಿಲ್-ಮೇನಲ್ಲಂತೂ ತರಿಸಲೇಬೇಡ, ಮಳೆ ಹಿಡಿಯಲಿ.