ಬೆಳಿಗ್ಗೆ ಜಡೆ, ಭಾನುವಾರ ಕೇಕು: ಮನೆಯವರಿಗೆ ಹದಿನೈದು ಸೂತ್ರಗಳು

ಶಾಲೆಗೆ ಹೋಗುವ ಹೆಣ್ಣುಮಗು ಇರುವ ಮನೆಯಲ್ಲಿ ಬೆಳಿಗ್ಗೆ ಏಳೂವರೆ ಗಂಟೆ ಹೇಗಿರುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಒಲೆಯ ಮೇಲೆ ಚಿತ್ರಾನ್ನದ ಒಗ್ಗರಣೆ, ಕೈಯಲ್ಲಿ ಬಾಚಣಿಗೆ, ಗೇಟಿನಾಚೆ ವ್ಯಾನಿನ ಹಾರ್ನು. ಅದೇ ಮನೆಯಲ್ಲಿ ಭಾನುವಾರ ಮಧ್ಯಾಹ್ನ ಕೇಕಿನ ಘಮ ಏಳಬೇಕೆಂಬ ಆಸೆಯೂ ಇರುತ್ತದೆ. ಎರಡನ್ನೂ ಆರಾಮಾಗಿ ನಿಭಾಯಿಸುವವರನ್ನು ಗಮನಿಸುತ್ತ ಬಂದಿದ್ದೇನೆ. ಅವರ ಕೈಗೆ ವಿಶೇಷ ವೇಗವೇನೂ ಇರುವುದಿಲ್ಲ. ಅರ್ಧ ಕೆಲಸವನ್ನು ಹಿಂದಿನ ರಾತ್ರಿಯೇ ಮುಗಿಸಿರುತ್ತಾರೆ; ಹತ್ತಾರು ಬಗೆಯ ಬೆನ್ನು ಹತ್ತದೆ ಮೂರ್ನಾಲ್ಕನ್ನು ಕೈಗೆ ಕೂರಿಸಿಕೊಂಡಿರುತ್ತಾರೆ. ಕೆಳಗಿನವೆಲ್ಲ ಹೆಚ್ಚುಕಡಿಮೆ ಅವರಿಂದ ಕಲಿತವು.

1. ಜಡೆ ರಾತ್ರಿಯೇ ಶುರುವಾಗಲಿ.
ಮಲಗುವ ಮುನ್ನ ಸಿಕ್ಕು ಬಿಡಿಸಿ, ಸಡಿಲವಾಗಿ ಒಂದೇ ಜಡೆ ಹೆಣೆದು ಮಗುವನ್ನು ಮಲಗಿಸಿ. ಬೆಳಿಗ್ಗೆ ಬಿಚ್ಚಿದರೆ ಬಾಚಣಿಗೆ ಎಲ್ಲೂ ತಡೆಯುವುದಿಲ್ಲ. ಸಿಕ್ಕು ಬಿಡಿಸಬೇಕಾದದ್ದು ತುದಿಯಿಂದ. ಮೊದಲು ಕೆಳಗಿನ ನಾಲ್ಕು ಬೆರಳಿನಷ್ಟು, ಆಮೇಲೆ ನಡು, ಕೊನೆಗೆ ಬುಡ. ಬುಡದಿಂದಲೇ ಎಳೆಯುತ್ತ ಬಂದರೆ ಮೇಲಿನ ಸಿಕ್ಕೆಲ್ಲ ಕೆಳಗಿಳಿದು ಒಂದೇ ಗಂಟಾಗಿ ನಿಲ್ಲುತ್ತದೆ. ಬಾಚುವಾಗ ಇನ್ನೊಂದು ಕೈಯಲ್ಲಿ ಕೂದಲನ್ನು ಬುಡದ ಹತ್ತಿರ ಹಿಡಿದುಕೊಳ್ಳಿ. ಎಳೆತ ನೆತ್ತಿಗೆ ತಾಗದಿದ್ದರೆ ಮಗು "ಅಮ್ಮಾ, ನೋಯ್ತದೆ" ಅನ್ನುವುದಿಲ್ಲ.

2. ಒದ್ದೆ ಕೂದಲಿಗೆ ಜಡೆ ಬೇಡ.
ನೀರು ಕುಡಿದ ಕೂದಲು ಹಿಗ್ಗುತ್ತದೆ, ಬೇಗ ತುಂಡಾಗುತ್ತದೆ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಂತೂ ಹಾಗೆ ಹೆಣೆದ ಜಡೆ ಸಂಜೆಯಾದರೂ ಒಳಗೆ ಒಣಗದೆ ಮುಗ್ಗಲು ವಾಸನೆ ಹಿಡಿಯುತ್ತದೆ. ತಲೆಸ್ನಾನವನ್ನು ಶನಿವಾರ ಮಧ್ಯಾಹ್ನಕ್ಕೋ ಭಾನುವಾರಕ್ಕೋ ಇಟ್ಟುಕೊಳ್ಳಿ.

3. ನಾಲ್ಕು ಬಗೆ ಬಂದರೆ ಸಾಕು.
ಒಂಟಿ ಜಡೆ, ಎರಡು ಜಡೆ, ನೆತ್ತಿಯಿಂದಲೇ ಹೆಣೆದು ಬರುವ ಫ್ರೆಂಚ್ ಜಡೆ, ತುರುಬು. ವರ್ಷವಿಡೀ ಇವಿಷ್ಟರಲ್ಲೇ ಕಳೆಯಬಹುದು. ಸೀಮಂತಕ್ಕೆ, ಮದುವೆಗೆ ಮೊಗ್ಗಿನ ಜಡೆ ಬೇಕಾದಾಗ ಅದನ್ನು ಬಲ್ಲ ಕೈಗಳನ್ನೇ ಕರೆಯಿರಿ.

ಈ ನಾಲ್ಕರಲ್ಲಿ ಶಾಲೆಯ ಎರಡು ಜಡೆಯನ್ನು ಚೆನ್ನಾಗಿ ಕಲಿಯಬೇಕು, ಏಕೆಂದರೆ ಅದು ನಿತ್ಯದ್ದು. ಬಾಚಣಿಗೆಯ ಚೂಪು ತುದಿಯಿಂದ ಹಣೆಯಿಂದ ಕತ್ತಿನವರೆಗೆ ಒಂದೇ ಗೆರೆಯಲ್ಲಿ ಬೈತಲೆ ತೆಗೆಯಿರಿ. ಒಂದು ಪಾಲನ್ನು ಕ್ಲಿಪ್ ಹಾಕಿ ಬದಿಗಿಡಿ. ಇನ್ನೊಂದನ್ನು ಕಿವಿಯ ಹಿಂದೆ ರಬ್ಬರ್‌ಬ್ಯಾಂಡಿನಿಂದ ಕಟ್ಟಿ, ಮೂರು ಕಾಲು ಮಾಡಿ ಹೆಣೆಯುತ್ತ ಬನ್ನಿ. ಜಡೆ ಅರ್ಧಕ್ಕೆ ಬಂದಾಗ ರಿಬ್ಬನ್ನನ್ನು ನಡುವಿಗೆ ಮಡಚಿ, ಅದರ ಎರಡು ತುದಿಗಳನ್ನು ಎರಡು ಕಾಲುಗಳ ಜೊತೆ ಸೇರಿಸಿಕೊಂಡು ಹೆಣಿಗೆ ಮುಂದುವರಿಸಿ. ಕೂದಲು ಮುಗಿಯುವಲ್ಲಿ ರಿಬ್ಬನ್ನನ್ನು ಒಂದು ಸುತ್ತು ಸುತ್ತಿ ಗಂಟು ಹಾಕಿ, ಜಡೆಯನ್ನು ಮೇಲಕ್ಕೆ ಮಡಚಿ, ಬುಡಕ್ಕೆ ಹೂವಿನಂತೆ ಕಟ್ಟಿ. ರಿಬ್ಬನ್ನು ಹೆಣಿಗೆಯೊಳಗೇ ಸೇರಿರುವುದರಿಂದ ಆಟದ ಪೀರಿಯಡ್ಡಿನಲ್ಲಿ ಎಷ್ಟು ಓಡಿದರೂ ಕಳಚಿ ಬೀಳುವುದಿಲ್ಲ. ತುದಿಗೆ ಮಾತ್ರ ರಿಬ್ಬನ್ನು ಕಟ್ಟಿ ಕಳಿಸಿದ ಜಡೆ ಮಧ್ಯಾಹ್ನದ ಊಟದ ಬೆಲ್ಲಿನ ಹೊತ್ತಿಗೇ ಬಿಚ್ಚಿರುತ್ತದೆ.

4. ಅಂದ ಬೇಕು, ಬಿಗಿ ಬೇಡ.
ಹಣೆಯ ಚರ್ಮ ಹಿಂದಕ್ಕೆ ಎಳೆದಂತೆ ಕಾಣುವಷ್ಟು ಬಿಗಿಯಾಗಿ ದಿನವೂ ಕಟ್ಟಿದರೆ ಹಣೆಯಂಚಿನ, ಕಿವಿಯ ಮೇಲಿನ ಕೂದಲು ನಿಧಾನಕ್ಕೆ ತೆಳುವಾಗುತ್ತದೆ. ಚರ್ಮವೈದ್ಯರು ಇದನ್ನು ಟ್ರ್ಯಾಕ್ಷನ್ ಅಲೋಪೇಸಿಯಾ ಎನ್ನುತ್ತಾರೆ. ಬೇಗ ಎಚ್ಚೆತ್ತು ಸಡಿಲಿಸಿದರೆ ಕೂದಲು ಮತ್ತೆ ಬರುತ್ತದೆ. ವರ್ಷಗಟ್ಟಲೆ ಹಾಗೇ ನಡೆದರೆ ಬುಡವೇ ಸತ್ತುಹೋಗುತ್ತದೆ. ಇದನ್ನು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ಮಕ್ಕಳು ನೋವನ್ನು ಹೇಳಿದಾಗ ನಾವು "ಸ್ವಲ್ಪ ತಡ್ಕೊ ಪುಟ್ಟಿ" ಎಂದು ಮುಗಿಸಿಬಿಡುತ್ತೇವೆ. ಬೈತಲೆಯ ಜಾಗವನ್ನೂ ಆಗಾಗ ಅರ್ಧ ಬೆರಳು ಅತ್ತಿತ್ತ ಸರಿಸಿ.

ಬಾಚಣಿಗೆಯಲ್ಲಿ ನಾಲ್ಕು ಕೂದಲು ಕಂಡ ಕೂಡಲೇ ಗಾಬರಿಯಾಗಬೇಕಿಲ್ಲ. ದೊಡ್ಡವರ ತಲೆಯಿಂದ ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ.

5. ಜಡೆ ಹೇನಿಗೂ ತಡೆ.
ಹೇನು ಹಾರುವುದಿಲ್ಲ, ತಲೆಗೆ ತಲೆ ತಾಗಿದಾಗ ಕೂದಲಿನಿಂದ ಕೂದಲಿಗೆ ಹರಿದು ಹೋಗುತ್ತದೆ. ಬಿಟ್ಟ ಕೂದಲಿಗಿಂತ ಹೆಣೆದ ಕೂದಲಿಗೆ ಅದರ ಕಾಟ ಕಡಿಮೆ. ವಾರಕ್ಕೊಮ್ಮೆ ಹೇನಿನ ಬಾಚಣಿಗೆಯಲ್ಲಿ ಬಾಚಿ ನೋಡಿ.

6. ಹೂವಿಗೆ ಯು ಪಿನ್ನು.
ಮೈಸೂರು ಮಲ್ಲಿಗೆಯಿರಲಿ, ಕನಕಾಂಬರವಿರಲಿ, ದಂಡೆಯನ್ನು ಸಾದಾ ಹೇರ್‌ಪಿನ್ನಿನಿಂದ ಅದುಮಿದರೆ ಹೂವು ನಲುಗುತ್ತದೆ. ಯು ಪಿನ್ನನ್ನು ದಾರಕ್ಕೆ ಸಿಕ್ಕಿಸಿ ಜಡೆಯ ಹೆಣಿಗೆಯೊಳಗೆ ಇಳಿಸಿ.

7. ಹಿಟ್ಟು ಮುಟ್ಟುವ ಮುನ್ನ ತುರುಬು ಕಟ್ಟಿ.
ಕೇಕಿನಲ್ಲಿ ಕೂದಲು ಸಿಗಬಾರದು ಎನ್ನುವುದು ಒಂದು ಕಾರಣ. ಓವನ್ ಬಾಗಿಲ ಮುಂದೆ, ಗ್ಯಾಸಿನ ಉರಿಯ ಮುಂದೆ ಬಗ್ಗುವಾಗ ಜಡೆ ಮುಂದಕ್ಕೆ ಜಾರುವುದು ಅದಕ್ಕಿಂತ ದೊಡ್ಡ ಕಾರಣ. ಕೂದಲನ್ನೆಲ್ಲ ಕತ್ತಿನ ಮೇಲೆ ಹಿಡಿದು, ಒಂದೇ ದಿಕ್ಕಿಗೆ ತಿರುಚುತ್ತ ಹೋದರೆ ಅದು ತಾನಾಗಿಯೇ ಸುತ್ತಿಕೊಳ್ಳುತ್ತದೆ. ತುದಿಯನ್ನು ಸುತ್ತಿನ ಕೆಳಗೆ ತೂರಿಸಿ ಒಂದು ಕ್ಲಚ್ ಹಾಕಿ. ಅರ್ಧ ನಿಮಿಷದ ಕೆಲಸ. ಆಮೇಲೆ ಕೈ ತೊಳೆಯಿರಿ.

8. ಒಂದು ಕೇಕನ್ನು ಪೂರ್ತಿ ಕಲಿಯಿರಿ.
ಫೋನಿನಲ್ಲಿ ದಿನಕ್ಕೊಂದು ವಿಡಿಯೋ ನೋಡಿ ದಿನಕ್ಕೊಂದು ಮಾಡುವವರಿಗೆ ಯಾವುದೂ ಕೈಗೆ ಹತ್ತುವುದಿಲ್ಲ. ಮೊಟ್ಟೆಯಿಲ್ಲದ ಮೊಸರಿನ ಕೇಕಿನಿಂದ ಶುರುಮಾಡಿ. ಒಂದು ಕಪ್ ಗಟ್ಟಿ ಮೊಸರಿಗೆ ಮುಕ್ಕಾಲು ಕಪ್ ಸಕ್ಕರೆ ಹಾಕಿ ಕರಗುವವರೆಗೆ ಕದಡಿ. ಒಂದೂಕಾಲು ಟೀ ಚಮಚ ಬೇಕಿಂಗ್ ಪೌಡರ್, ಅರ್ಧ ಟೀ ಚಮಚ ಅಡುಗೆ ಸೋಡಾ ಸೇರಿಸಿ ಐದು ನಿಮಿಷ ಬಿಡಿ. ಮೊಸರು ಗುಳ್ಳೆಗುಳ್ಳೆಯಾಗಿ ಉಬ್ಬಿ ಬರುತ್ತದೆ. ಅರ್ಧ ಕಪ್ ವಾಸನೆಯಿಲ್ಲದ ಎಣ್ಣೆ, ಒಂದು ಚಮಚ ವೆನಿಲಾ ಎಸೆನ್ಸು ಬೆರೆಸಿ. ಜರಡಿ ಹಿಡಿದ ಒಂದೂವರೆ ಕಪ್ ಮೈದಾವನ್ನು ಎರಡು ಮೂರು ಸಲವಾಗಿ ಹಾಕುತ್ತ ಹಗುರವಾಗಿ ಕೂಡಿಸಿ. ಹದ ಇಡ್ಲಿ ಹಿಟ್ಟಿನಂತಿರಲಿ. ಒಣ ಹಿಟ್ಟು ಕಾಣದಂತಾದ ಕೂಡಲೇ ಕೈ ನಿಲ್ಲಿಸಿ. ಮೈದಾವನ್ನು ಕಲಸಿದಷ್ಟೂ ಅದರ ಗ್ಲುಟೆನ್ ಬಿಗಿದು ಕೇಕು ರಬ್ಬರಿನಂತಾಗುತ್ತದೆ. 180 ಡಿಗ್ರಿಗೆ ಮೊದಲೇ ಕಾಯಿಸಿಟ್ಟ ಓವನ್ನಿನಲ್ಲಿ ಏಳಿಂಚಿನ ಟಿನ್ನಿಗೆ 35ರಿಂದ 40 ನಿಮಿಷ.

ಇದು ಕೈಗೆ ಕೂತರೆ ಉಳಿದದ್ದೆಲ್ಲ ಇದರ ಮಕ್ಕಳು. ಕಾಲು ಕಪ್ ಮೈದಾ ತೆಗೆದು ಅಷ್ಟೇ ಕೋಕೋ ಪುಡಿ ಹಾಕಿದರೆ ಚಾಕೊಲೇಟ್ ಕೇಕು. ವೆನಿಲಾ ಬದಲು ಏಲಕ್ಕಿ, ಮೇಲೆ ಗೋಡಂಬಿ ಚೂರು. ಕೊಡಗಿನ ಕಿತ್ತಳೆ ಸಿಕ್ಕಾಗ ಅದರ ಸಿಪ್ಪೆಯ ಹೊರಪದರವನ್ನು ತುರಿದು ಹಾಕಿ. ಒಳಗಿನ ಬಿಳಿ ಭಾಗ ಕಹಿ, ಅದು ಬೇಡ. ಟೂಟಿ ಫ್ರೂಟಿಯನ್ನು ಚಿಟಿಕೆ ಮೈದಾದಲ್ಲಿ ಹೊರಳಿಸಿ ಹಾಕಿದರೆ ತಳಕ್ಕಿಳಿಯುವುದು ಕಡಿಮೆ.

9. ಕಪ್ಪಿಗಿಂತ ತಕ್ಕಡಿ ನಂಬಿ.
240 ಮಿಲಿಲೀಟರಿನ ಕಪ್ಪಿಗೆ ಮೈದಾವನ್ನು ಚಮಚದಲ್ಲಿ ಹಗುರವಾಗಿ ತುಂಬಿದರೆ ಸುಮಾರು 125 ಗ್ರಾಂ. ಅದೇ ಕಪ್ಪನ್ನು ಡಬ್ಬಿಗೆ ಅದ್ದಿ ಒತ್ತಿ ತೆಗೆದರೆ 150 ಗ್ರಾಂ ಆಗಿಬಿಡಬಹುದು. ಕೇಕು ಗಟ್ಟಿಯಾಯಿತೆಂಬ ದೂರಿನ ಹಿಂದೆ ಹಲವು ಸಲ ಇರುವುದು ಇಷ್ಟೇ. ಸಣ್ಣ ಡಿಜಿಟಲ್ ತಕ್ಕಡಿಯೊಂದನ್ನು ಕೊಳ್ಳಿ. ಓವನ್ನಿಗಿಂತ ಮೊದಲು ಇದನ್ನು ಕೊಳ್ಳಿ ಎಂದೇ ನನ್ನ ಸಲಹೆ.

10. ಸೋಡಾ ಬೇರೆ, ಪೌಡರ್ ಬೇರೆ.
ಅಡುಗೆ ಸೋಡಾ ಕೆಲಸ ಮಾಡಬೇಕಾದರೆ ಹುಳಿ ಬೇಕು: ಮೊಸರೋ ನಿಂಬೆರಸವೋ ವಿನೆಗರೋ. ಬೇಕಿಂಗ್ ಪೌಡರಿನಲ್ಲಿ ಹುಳಿ ಮೊದಲೇ ಬೆರೆತಿರುತ್ತದೆ, ತೇವ ಮತ್ತು ಬಿಸಿ ತಾಗಿದರೆ ಸಾಕು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಔಷಧ ವ್ಯಾಪಾರಿ ಆಲ್ಫ್ರೆಡ್ ಬರ್ಡ್ 1843ರಲ್ಲಿ ತನ್ನದೊಂದು ಬೇಕಿಂಗ್ ಪೌಡರ್ ತಯಾರಿಸಿದ್ದು ಹೆಂಡತಿಗೆ ಯೀಸ್ಟು ಒಗ್ಗುತ್ತಿರಲಿಲ್ಲ ಎಂದು. ಮನೆಯವರೊಬ್ಬರ ಹೊಟ್ಟೆಯ ಬಗೆಗಿನ ಕಾಳಜಿಯಿಂದ ಬಂದ ಡಬ್ಬಿ ಅದು.

ಅಲಮಾರಿಯಲ್ಲಿರುವುದು ಹಳತಾಗಿದೆಯೇ ಎಂದು ತಿಳಿಯಲು ಅರ್ಧ ಚಮಚ ಪೌಡರನ್ನು ಬಿಸಿನೀರಿಗೆ ಹಾಕಿ. ಭುಸ್ಸೆಂದು ನೊರೆ ಬಂದರೆ ಸರಿ, ಸುಮ್ಮನೆ ಕರಗಿದರೆ ಎಸೆಯಿರಿ. ಸೋಡಾಕ್ಕಾದರೆ ನಿಂಬೆರಸ ಹಿಂಡಿ ನೋಡಿ.

11. ಓವನ್ ಇಲ್ಲವೆಂದು ಕೈಕಟ್ಟಿ ಕೂರಬೇಡಿ.
ನಮ್ಮಲ್ಲಿ ಎಷ್ಟೋ ಮನೆಗಳ ಮೊದಲ ಕೇಕು ಬೆಂದದ್ದು ಕುಕ್ಕರಿನಲ್ಲಿ. ಹಳೆಯ ಕುಕ್ಕರು ಅಥವಾ ದಪ್ಪ ತಳದ ಪಾತ್ರೆಯ ಅಡಿಗೆ ಒಂದು ಕಪ್ ಕಲ್ಲುಪ್ಪು ಹರಡಿ, ಮೇಲೆ ಸಣ್ಣ ಸ್ಟ್ಯಾಂಡ್ ಇಡಿ. ಮುಚ್ಚಳದ ಗ್ಯಾಸ್ಕೆಟ್ ಮತ್ತು ವಿಷಲ್ ಎರಡನ್ನೂ ತೆಗೆದಿರಬೇಕು, ಇದರಲ್ಲಿ ರಾಜಿಯಿಲ್ಲ. ನೀರು ಹಾಕುವಂತಿಲ್ಲ. ಹತ್ತು ನಿಮಿಷ ಕಾಯಿಸಿ, ಹಿಟ್ಟಿನ ಟಿನ್ನು ಇಟ್ಟು, ಉರಿ ತೀರಾ ಸಣ್ಣದು ಮಾಡಿ 40ರಿಂದ 45 ನಿಮಿಷ ಬಿಡಿ. ಮೇಲ್ಭಾಗ ಓವನ್ನಿನಷ್ಟು ಕೆಂಪಾಗುವುದಿಲ್ಲ, ರುಚಿಗೆ ಕೊರತೆಯಿಲ್ಲ. ಆ ಉಪ್ಪನ್ನು ಡಬ್ಬಿಗೆ ತುಂಬಿಟ್ಟುಕೊಂಡರೆ ಮುಂದಿನ ಕೇಕಿಗೂ ಆಗುತ್ತದೆ, ಅಡುಗೆಗೆ ಮಾತ್ರ ಬಳಸಬೇಡಿ.

12. ಕೇಕು ಬೇಯುವ ಹೊತ್ತು ತಲೆಯ ಹೊತ್ತು.
ಮೊದಲ 25 ನಿಮಿಷ ಬಾಗಿಲು ತೆಗೆಯುವಂತಿಲ್ಲ. ತಣ್ಣನೆ ಗಾಳಿ ಹೊಕ್ಕರೆ ಉಬ್ಬಿದ ನಡು ಕುಸಿಯುತ್ತದೆ. ಹೇಗೂ ಮನೆ ಬಿಟ್ಟು ಹೋಗುವ ಹಾಗಿಲ್ಲವಲ್ಲ, ಮಗುವನ್ನು ಮುಂದೆ ಕೂರಿಸಿಕೊಂಡು ಉಗುರುಬೆಚ್ಚಗಿನ ಕೊಬ್ಬರಿ ಎಣ್ಣೆ ಹಚ್ಚಿ. ಬೆರಳ ತುದಿಯಿಂದ ನೆತ್ತಿ ತಿಕ್ಕಿ, ಉಗುರು ತಾಗದಿರಲಿ. ಓವನ್ ಗಂಟೆ ಹೊಡೆಯುವಷ್ಟರಲ್ಲಿ ಸಿಕ್ಕು ಬಿಡಿಸಿ ಮುಗಿದಿರುತ್ತದೆ. ಕೇಕಿನ ನಡುವಿಗೆ ಚುಚ್ಚಿದ ಕಡ್ಡಿ ಅಂಟಿಲ್ಲದೆ ಬಂದರೆ ಹೊರತೆಗೆದು ಹತ್ತು ನಿಮಿಷ ಟಿನ್ನಿನಲ್ಲೇ ಬಿಟ್ಟು, ಆಮೇಲೆ ಜಾಲರಿಯ ಮೇಲೆ ಮಗುಚಿ. ಪೂರ್ತಿ ಆರುವ ಮೊದಲು ಕತ್ತರಿಸಿದರೆ ಪುಡಿಪುಡಿ. ಅದು ಆರುವ ಹೊತ್ತಿಗೆ ತಲೆಸ್ನಾನವೂ ಆಗಿಬಿಡುತ್ತದೆ. ವಾರದ ಈ ಒಂದು ತಾಸು ನನಗೆ ತುಂಬ ಪ್ರಿಯ. ತಲೆ ನೇವರಿಸಿಕೊಳ್ಳುತ್ತ ಕೂತ ಮಕ್ಕಳು ಬೇರೆ ಯಾವ ಹೊತ್ತಿನಲ್ಲೂ ಹೇಳದ ಶಾಲೆಯ ಸಂಗತಿಗಳನ್ನು ಆಗ ಹೇಳುತ್ತಾರೆ.

13. ಬೀದಿಯ ಬೇಕರಿಯನ್ನು ಗುರುವಾಗಿಸಿಕೊಳ್ಳಿ.
ಬೇಕಿಂಗ್ ಎಂದರೆ ಕ್ರೀಮಿನ ಅಲಂಕಾರವೆಂದು ತಿಳಿಯಬೇಕಿಲ್ಲ. 1898ರಲ್ಲಿ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಶುರುವಾದ ಬಿ.ಬಿ. ಬೇಕರಿಯಿಂದ ಹಿಡಿದು ಹಾಸನ ಕಡೆಯಿಂದ ಬಂದವರು ಊರೂರಲ್ಲಿ ತೆರೆದ ಅಯ್ಯಂಗಾರ್ ಬೇಕರಿಗಳವರೆಗೆ, ನಮ್ಮ ನಾಲಿಗೆಗೆ ಒಗ್ಗಿದ ಬೇರೆಯದೇ ಪರಂಪರೆಯಿದೆ. ಖಾರಾ ಬನ್ನು, ದಿಲ್‌ಪಸಂದ್, ಹನಿ ಕೇಕು, ಬೆಣ್ಣೆ ಬಿಸ್ಕತ್ತು. ಇಂಥ ತಿನಿಸುಗಳಲ್ಲಿ ಮನೆಗೆ ಅತಿ ಸುಲಭ ಖಾರಾ ಬಿಸ್ಕತ್ತು. ಒಂದು ಕಪ್ ಮೈದಾ, 50 ಗ್ರಾಂ ಬೆಣ್ಣೆ, ಉಪ್ಪು, ಒಂದು ಚಮಚ ಸಕ್ಕರೆ, ಕಾಲು ಚಮಚ ಬೇಕಿಂಗ್ ಪೌಡರ್, ಸಣ್ಣಗೆ ಹೆಚ್ಚಿದ ಹಸಿಮೆಣಸಿನಕಾಯಿ, ಕರಿಬೇವು, ಕೊತ್ತಂಬರಿ. ಬೆಣ್ಣೆಯನ್ನು ಹಿಟ್ಟಿಗೆ ಬೆರಳಲ್ಲಿ ಉಜ್ಜಿ, ಎರಡು ಚಮಚ ಮೊಸರಿನಲ್ಲಿ ಕೂಡಿಸಿ, ಲಟ್ಟಿಸಿ, ಸಣ್ಣ ಮುಚ್ಚಳದಿಂದ ಕತ್ತರಿಸಿ 170 ಡಿಗ್ರಿಯಲ್ಲಿ ಅಂಚು ಹೊಂಬಣ್ಣಕ್ಕೆ ಬರುವವರೆಗೆ ಬೇಯಿಸಿ. ಲಟ್ಟಿಸುವ, ಕತ್ತರಿಸುವ ಕೆಲಸ ಮಕ್ಕಳಿಗೆ ಬಿಡಿ. ರಾಗಿ ಹಿಟ್ಟು ಹಾಕುವ ಮನಸ್ಸಿದ್ದರೆ ಅರ್ಧಕ್ಕಿಂತ ಹೆಚ್ಚು ಬೇಡ: ರಾಗಿಯಲ್ಲಿ ಗ್ಲುಟೆನ್ ಇಲ್ಲ, ಬಿಸ್ಕತ್ತು ಉದುರುತ್ತದೆ.

14. ಅಪ್ಪನೂ ಜಡೆ ಕಲಿಯಲಿ, ಮಗನೂ ಹಿಟ್ಟು ಕಲಸಲಿ.
ಒಬ್ಬರ ಕೈಯನ್ನೇ ನಂಬಿದ ಮನೆ ಆ ಒಬ್ಬರಿಗೆ ಜ್ವರ ಬಂದ ದಿನ ನಿಂತುಹೋಗುತ್ತದೆ. ಅಪ್ಪನಿಗೆ ಅಭ್ಯಾಸಕ್ಕೆ ಮೂರು ಬಣ್ಣದ ರಿಬ್ಬನ್ನನ್ನು ಕುರ್ಚಿಗೆ ಕಟ್ಟಿಕೊಡಿ. ಬಲಗಾಲು ನಡುವಿಗೆ, ಎಡಗಾಲು ನಡುವಿಗೆ. ಬಣ್ಣ ಬೇರೆಬೇರೆಯಾದ್ದರಿಂದ ತಪ್ಪು ಎಲ್ಲಿ ಆಯಿತೆಂದು ಕಣ್ಣಿಗೇ ಕಾಣುತ್ತದೆ.

15. ಮಾರುವ ಯೋಚನೆ ಬಂದರೆ ನಿಯಮ ಮೊದಲು.
ನೆರೆಮನೆಯವರು "ನಮ್ಮ ಪಾಪುವಿನ ಬರ್ತ್‌ಡೇಗೂ ಒಂದು ಮಾಡ್ಕೊಡ್ತೀರಾ?" ಎಂದು ಕೇಳುವ ದಿನ ಬಂದೇ ಬರುತ್ತದೆ. ದುಡ್ಡು ತೆಗೆದುಕೊಂಡು ಮಾಡಿಕೊಡುವುದಾದರೆ ಮನೆಯ ಅಡುಗೆಮನೆಗೂ 2006ರ ಆಹಾರ ಸುರಕ್ಷತಾ ಕಾಯ್ದೆ ಅನ್ವಯಿಸುತ್ತದೆ. ಎಫ್‌ಎಸ್‌ಎಸ್‌ಎಐ ನೋಂದಣಿಯನ್ನು ಆನ್‌ಲೈನಿನಲ್ಲೇ ಮಾಡಿಸಬಹುದು. ತಲೆಗೆ ಟೋಪಿ ಅಥವಾ ಬಟ್ಟೆ ಕಟ್ಟಿಕೊಂಡೇ ಕೆಲಸ ಮಾಡಿ, ತುರುಬಷ್ಟೇ ಸಾಲದು. ಮೊಟ್ಟೆ ಇದೆಯೇ ಇಲ್ಲವೇ, ಗೋಡಂಬಿ, ಬಾದಾಮಿ, ಕಡಲೆಕಾಯಿ ತಾಗಿದೆಯೇ ಎನ್ನುವುದನ್ನು ಡಬ್ಬಿಯ ಮೇಲೆ ಬರೆದುಕೊಡಿ. ಅಲರ್ಜಿಯಿರುವ ಮಗುವಿನ ಮನೆಯವರಿಗೆ ಆ ಒಂದು ಸಾಲು ಬಹಳ ಮುಖ್ಯ. ಬೆಲೆ ಹೇಳುವಾಗ ಮೈದಾ, ಬೆಣ್ಣೆಯ ಜೊತೆ ಗ್ಯಾಸು, ಕರೆಂಟು, ಡಬ್ಬಿ ಮತ್ತು ನಿಮ್ಮ ಮೂರು ತಾಸಿನ ಕೂಲಿಯನ್ನೂ ಸೇರಿಸಿ. ಸಂಕೋಚಪಟ್ಟು ಅದನ್ನು ಬಿಡಬೇಡಿ.