ಲೇಔಟಿನ ಹೆಸರು ಬಿಡಿ, ಸರ್ವೆ ನಂಬರ್ ಕೇಳಿ

ಕಾಡುಗೋಡಿ ಸುತ್ತಮುತ್ತ ನಿವೇಶನ, ಮನೆ, ಫ್ಲ್ಯಾಟ್ ಕೊಳ್ಳುವವರ ಗಮನಕ್ಕೆ

ನೇರಳೆ ಮಾರ್ಗದ ಮೆಟ್ರೋ 2023ರ ಮಾರ್ಚ್‌ನಲ್ಲಿ ಕಾಡುಗೋಡಿಗೆ ಬಂತು. ಅಕ್ಟೋಬರ್ ಹೊತ್ತಿಗೆ ಬೈಯಪ್ಪನಹಳ್ಳಿಯ ಕೊಂಡಿಯೂ ಕೂಡಿತು. ಅಂದಿನಿಂದ ದಿನ್ನೂರು, ಬೆಳತ್ತೂರು, ಚನ್ನಸಂದ್ರ, ಸೀಗೇಹಳ್ಳಿ ಕಡೆ ಯಾವ ಖಾಲಿ ಜಾಗ ನೋಡಿದರೂ ‘ಮೆಟ್ರೋಗೆ ಹತ್ತೇ ನಿಮಿಷ’ ಎಂಬ ಬೋರ್ಡು. ಬೋರ್ಡಿನ ಮೇಲೆ ಲೇಔಟಿನ ಹೆಸರು ದೊಡ್ಡದಾಗಿರುತ್ತದೆ, ಸರ್ವೆ ನಂಬರ್ ಇರುವುದೇ ಇಲ್ಲ. ಹೆಸರು ಮಾರುವವರು ಇಟ್ಟದ್ದು, ನಂಬರ್ ಸರ್ಕಾರದ ದಾಖಲೆಯದ್ದು. ನೀವು ಕೊಳ್ಳುವುದು ಆ ನಂಬರನ್ನು.

ಮಾಡಬೇಕಾದ್ದು

1. ಮೊದಲ ಮಾತಿಗೇ ಸರ್ವೆ ನಂಬರ್, ಹಿಸ್ಸಾ ನಂಬರ್ ಕೇಳಿ. ಜಾಗದಲ್ಲೇ ನಿಂತು ಮೊಬೈಲಿನ ‘ದಿಶಾಂಕ್’ ಆ್ಯಪ್ ತೆರೆಯಿರಿ, ನೀವು ನಿಂತ ನೆಲದ ಸರ್ವೆ ನಂಬರ್ ಅದು ತೋರಿಸುತ್ತದೆ. ಬ್ರೋಕರ್ ಹೇಳಿದ ನಂಬರಿಗೂ ಅದಕ್ಕೂ ತಾಳೆಯಾಗದಿದ್ದರೆ ಅಲ್ಲಿಗೇ ನಿಲ್ಲಿಸಿ. ದಿಶಾಂಕ್ ಸುಳಿವು ಮಾತ್ರ. ಗಡಿ ಖಚಿತವಾಗಬೇಕಾದರೆ ಸರ್ವೆಯರ್‌ನಿಂದ ಅಳತೆ ಮಾಡಿಸಿ, ಚೆಕ್ಕುಬಂದಿಯ ನಾಲ್ಕು ದಿಕ್ಕನ್ನೂ ಕಲ್ಲು ನೋಡಿ ಒಪ್ಪಿಕೊಳ್ಳಿ.

2. ಸರ್ವೆ ನಂಬರ್ 1 ಎಂದು ಕೇಳಿದ ಕೂಡಲೇ ಎಚ್ಚರಾಗಿ. ಕಾಡುಗೋಡಿ ಪ್ಲಾಂಟೇಷನ್‌ನ ಈ ನಂಬರಿನ 711 ಎಕರೆಯನ್ನು 1896ರಲ್ಲೇ ಅರಣ್ಯವೆಂದು ಘೋಷಿಸಲಾಗಿತ್ತು. 2025ರ ಜೂನ್‌ನಲ್ಲಿ ಅರಣ್ಯ ಇಲಾಖೆ ಅದರಲ್ಲಿ 120 ಎಕರೆಯನ್ನು ಒತ್ತುವರಿ ಎಂದು ವಶಕ್ಕೆ ಪಡೆಯಿತು. ಆ ನೆಲ ತಮಗೆ ಮಂಜೂರಾದದ್ದು ಎನ್ನುವ ದಲಿತ ಕುಟುಂಬಗಳ ವಾದವೂ ಹಳೆಯದೇ. ನೂರು ವರ್ಷ ದಾಟಿದ ಅಧಿಸೂಚನೆಯೂ ಎದ್ದು ಬರುತ್ತದೆ ಎಂಬ ಪಾಠಕ್ಕೆ ದೂರ ಹೋಗಬೇಕಾಗಿಲ್ಲ.

3. ಜಾಗ ಯಾರ ವ್ಯಾಪ್ತಿಯದು ತಿಳಿಯಿರಿ. ಕಾಡುಗೋಡಿ ಈಗ ಬೆಂಗಳೂರು ಪೂರ್ವ ನಗರ ಪಾಲಿಕೆಗೆ ಸೇರಿದೆ. ನಾಲ್ಕು ಹೆಜ್ಜೆ ಆಚೆ ಕನ್ನಮಂಗಲ, ದೊಡ್ಡಬನಹಳ್ಳಿ ಕಡೆ ಪಂಚಾಯಿತಿ ಲೆಕ್ಕ. ಪಾಲಿಕೆಯಲ್ಲಾದರೆ ಇ-ಖಾತಾ ಕೇಳಿ, ಅದು ನಿಯಮಬದ್ಧ ಆಸ್ತಿಯ ಎ ಖಾತಾನೋ ನಿಯಮ ಮೀರಿದ ಆಸ್ತಿಯ ಬಿ ಖಾತಾನೋ ನೋಡಿ. ಪಂಚಾಯಿತಿಯಲ್ಲಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11ಎ ಕೇಳಿ. 11ಬಿ ಕೈಗಿಟ್ಟರೆ ಅದು ಬಿ ಖಾತಾದ ತಂಗಿ ಎಂದು ತಿಳಿಯಿರಿ.

4. ಕನಿಷ್ಠ 30 ವರ್ಷದ ಋಣಭಾರ ಪತ್ರ ಅಂದರೆ ಇಸಿ ತೆಗೆಸಿ. 2004ರಿಂದ ಈಚಿನದು ಕಾವೇರಿ ಜಾಲತಾಣದಲ್ಲಿ ಸಿಗುತ್ತದೆ. ಅದಕ್ಕೂ ಹಿಂದಿನದಕ್ಕೆ ಉಪನೋಂದಣಾಧಿಕಾರಿ ಕಚೇರಿಯ ಕೈಬರಹದ ಪುಸ್ತಕವೇ ಗತಿ. ಜೊತೆಗೆ ಮೂಲಪತ್ರ, ಹಳೆಯ ಪಹಣಿ, ಮ್ಯುಟೇಷನ್, ಭೂ ಪರಿವರ್ತನೆ ಆದೇಶ, ಗ್ರಾಮ ನಕ್ಷೆ ತೆಗೆದುಕೊಂಡು ನಿಮ್ಮದೇ ವಕೀಲರಿಗೆ ಕೊಡಿ. ಮಾರುವವರು ‘ನಮ್ಮ ಲಾಯರ್ ನೋಡಿದ್ದಾರೆ’ ಅಂದರೆ, ಅವರು ನೋಡಿದ್ದು ಮಾರುವವರ ಪರವಾಗಿ.

5. ವಂಶವೃಕ್ಷ ಕೇಳಿ, ಅದರಲ್ಲಿ ಹೆಣ್ಣುಮಕ್ಕಳನ್ನು ಎಣಿಸಿ. ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು ಎಂದು ಕರ್ನಾಟಕದಲ್ಲಿ 1994ರಲ್ಲೂ ಇಡೀ ದೇಶಕ್ಕೆ 2005ರಲ್ಲೂ ಕಾನೂನಾಗಿದೆ. ಹೊಸಕೋಟೆಗೋ ಮಾಲೂರಿಗೋ ಕೊಟ್ಟ ಅಕ್ಕನ ಸಹಿ ಇಲ್ಲದ ಕ್ರಯಪತ್ರ ನಾಳೆ ಕೋರ್ಟಿನಲ್ಲಿ ಪಾಲುದಾವೆಯಾಗಿ ನಿಲ್ಲಬಹುದು.

6. ಸರ್ಕಾರ ಪರಿಶಿಷ್ಟ ಜಾತಿ, ಪಂಗಡದವರಿಗೆ ಕೊಟ್ಟ ಗ್ರ್ಯಾಂಟ್ ಜಮೀನು ಅಲ್ಲ ಎಂದು ಖಚಿತ ಮಾಡಿಕೊಳ್ಳಿ. 1978ರ ಪಿಟಿಸಿಎಲ್ ಕಾಯ್ದೆಯ ಪ್ರಕಾರ ಸರ್ಕಾರದ ಅನುಮತಿ ಇಲ್ಲದೆ ಅದನ್ನು ಮಾರುವಂತಿಲ್ಲ. ಮಾರಿದ್ದರೆ, ಮಂಜೂರಾತಿ ಪಡೆದ ಕುಟುಂಬ ಅದನ್ನು ವಾಪಸು ಕೇಳಲು ಕಾಲಮಿತಿಯೂ ಇಲ್ಲ ಎಂದು 2023ರ ತಿದ್ದುಪಡಿ ಹೇಳಿದೆ. ಪಹಣಿಯಲ್ಲಿ ‘ಬಿ ಖರಾಬು’ ಎಂದಿದ್ದರೆ ಅದು ದಾರಿ, ಹಳ್ಳ, ಗೋಕಟ್ಟೆಯಂಥ ಸಾರ್ವಜನಿಕ ನೆಲ. ಅದನ್ನು ಸೇರಿಸಿ ಅಳೆದು ಕೊಟ್ಟರೆ ಒಪ್ಪಬೇಡಿ.

7. ಜಾಗವನ್ನು ಮೂರು ಸಲ ನೋಡಿ: ಕೆಲಸದ ದಿನ ಬೆಳಿಗ್ಗೆ 9ಕ್ಕೆ ಹೋಪ್ ಫಾರಂ ಸಿಗ್ನಲ್ ದಾಟಿ ಒಮ್ಮೆ, ಏಪ್ರಿಲ್ ಬಿಸಿಲಲ್ಲಿ ಬೋರ್‌ವೆಲ್ ಕೆಮ್ಮುವಾಗ ಒಮ್ಮೆ, ಜೋರು ಮಳೆಯ ಮಾರನೆಯ ದಿನ ಒಮ್ಮೆ. ಅಲ್ಲೇ ಹಸು ಕಟ್ಟಿಕೊಂಡಿರುವ ಹಿರಿಯರನ್ನು ಕೇಳಿ: ‘ಯಜಮಾನ್ರೇ, ಮಳೆ ಹಿಡಿದರೆ ಇಲ್ಲಿ ನೀರು ಎಲ್ಲೀವರೆಗೂ ಬರುತ್ತೆ?’ ಈ ಸೀಮೆ ಕೆರೆ ಕಟ್ಟಿ ಬದುಕಿದ್ದು. ಪಟ್ಟಂದೂರು ಕೆರೆ ಕಟ್ಟಿಸಿದ ಮಾತು 1043ರ ಕಾಡುಗೋಡಿ ಶಾಸನದಲ್ಲೇ ಇದೆ. ಕೋಡಿ ಹರಿದ ನೀರಿಗೆ ತನ್ನ ಹಳೆಯ ದಾರಿ ಇನ್ನೂ ನೆನಪಿದೆ.

8. ನೀರಿನ ಲೆಕ್ಕ ಬರೆದುಕೊಳ್ಳಿ. ಕಾವೇರಿ 5ನೇ ಹಂತ 2024ರ ಅಕ್ಟೋಬರ್‌ನಲ್ಲಿ ಶುರುವಾಯಿತು, ನಗರಕ್ಕೆ ಸೇರಿದ 110 ಹಳ್ಳಿಗಳಿಗೆಂದು ದಿನಕ್ಕೆ 77.5 ಕೋಟಿ ಲೀಟರ್. ನಿಮ್ಮ ಬೀದಿಯಲ್ಲಿ ಪೈಪು ಬಿದ್ದಿದೆಯೇ, ಅದರಲ್ಲಿ ನೀರು ಬರುತ್ತಿದೆಯೇ, ಇವು ಬೇರೆ ಬೇರೆ ಪ್ರಶ್ನೆ. ಎರಡನ್ನೂ ಪಕ್ಕದ ಮನೆಯವರನ್ನು ಕೇಳಿ.

9. ಫ್ಲ್ಯಾಟ್ ಆದರೆ ರೇರಾ ನೋಂದಣಿ ನಂಬರ್, ಮಂಜೂರಾದ ನಕ್ಷೆ, ಸ್ವಾಧೀನಾನುಭವ ಪತ್ರ ಅಂದರೆ ಓಸಿ, ಮೂರನ್ನೂ ಕೇಳಿ. ಓಸಿ ನೋಡದೆ ಕಟ್ಟಡಕ್ಕೆ ಕರೆಂಟು, ನೀರಿನ ಸಂಪರ್ಕ ಕೊಡಬಾರದು ಎಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ಹೇಳಿದೆ.

10. ನೋಂದಣಿ ಖರ್ಚು ಮೊದಲೇ ತೆಗೆದಿಡಿ. 45 ಲಕ್ಷ ಮೀರಿದ ಆಸ್ತಿಗೆ ಮುದ್ರಾಂಕ ಶುಲ್ಕ ಶೇ 5, ಅದರ ಮೇಲೆ ಸೆಸ್, ಸರ್‌ಚಾರ್ಜ್. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಗೆ ಶೇ 1ರಿಂದ 2ಕ್ಕೆ ಏರಿದೆ. ಬೆಲೆ 50 ಲಕ್ಷ ಮುಟ್ಟಿದರೆ ಶೇ 1 ಟಿಡಿಎಸ್ ಹಿಡಿದು ಕಟ್ಟುವ ಹೊಣೆ ಕೊಳ್ಳುವ ನಿಮ್ಮದು.

ಮಾಡಬಾರದ್ದು

1. ಜನರಲ್ ಪವರ್ ಆಫ್ ಅಟಾರ್ನಿ ಅಂದರೆ ಜಿಪಿಎ ಮೇಲೆ ಕೊಳ್ಳಬೇಡಿ. ಅದರಿಂದ ಒಡೆತನ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿಯಾಗಿದೆ.

2. ಖಾತಾ ಕಂಡು ಒಡೆತನ ಸಿಕ್ಕಿತೆಂದು ಹಿಗ್ಗಬೇಡಿ. ಖಾತಾ ಎಂದರೆ ತೆರಿಗೆ ಯಾರು ಕಟ್ಟಬೇಕೆಂಬ ಲೆಕ್ಕ. ಹಕ್ಕು ಇರುವುದು ನೋಂದಾಯಿತ ಕ್ರಯಪತ್ರದಲ್ಲಿ, ಅದರ ಹಿಂದಿನ ಪತ್ರಗಳ ಸರಪಳಿಯಲ್ಲಿ.

3. ಪರಿವರ್ತನೆಯಾಗದ ಹೊಲದಲ್ಲಿ ಸುಣ್ಣದ ಗೆರೆ ಎಳೆದ ಕಂದಾಯ ನಿವೇಶನ ಕೊಳ್ಳಬೇಡಿ. ‘ಬಿ ಖಾತಾ ಎ ಆಗುತ್ತೆ, ಸಕ್ರಮ ಆಗುತ್ತೆ’ ಎಂಬ ಮಾತಿಗೆ ಇವತ್ತೇ ದುಡ್ಡು ಕೊಡಬೇಡಿ. ಆದ ಮೇಲೆ ಕೊಳ್ಳಬಹುದು.

4. ಗುಂಟೆ ಲೆಕ್ಕಕ್ಕೂ ಚದರಡಿ ಲೆಕ್ಕಕ್ಕೂ ನಡುವೆ ಮೋಸ ಹೋಗಬೇಡಿ. ಒಂದು ಗುಂಟೆ 1,089 ಚದರಡಿ, 30-40ರ ಸೈಟು 1,200. ಗುಂಟೆಗೆ ಒಂದು ಸೈಟು ಎಂದವರು 111 ಚದರಡಿಯನ್ನು ಎಲ್ಲಿಂದ ತಂದರು, ಕೇಳಿ. ರಸ್ತೆಗೆಂದು ಜಾಗ ಬಿಟ್ಟರೆ ಲೆಕ್ಕ ಇನ್ನೂ ತಪ್ಪುತ್ತದೆ.

5. ರಾಜಕಾಲುವೆ ಪಕ್ಕ ‘ಗಾಳಿ ಚೆನ್ನಾಗಿದೆ’ ಎಂದು ಮನೆ ಕಟ್ಟಬೇಡಿ. ಗ್ರಾಮ ನಕ್ಷೆಯಲ್ಲಿ ಹಳ್ಳದ ಗೆರೆ ಇದ್ದು, ನೆಲದ ಮೇಲೆ ಇಲ್ಲದಿದ್ದರೆ ಹಳ್ಳ ಎಲ್ಲೂ ಹೋಗಿಲ್ಲ, ಯಾರೋ ಮುಚ್ಚಿದ್ದಾರೆ. ಮೀಸಲು ಅಂತರ ಎಷ್ಟು ಎಂಬುದನ್ನು ಬ್ರೋಕರ್ ಬಾಯಿಂದ ಕೇಳಬೇಡಿ, ಯೋಜನಾ ಪ್ರಾಧಿಕಾರದಿಂದ ಬರಹದಲ್ಲಿ ಪಡೆಯಿರಿ.

6. ಕರಾರಿಲ್ಲದೆ ಅಡ್ವಾನ್ಸ್ ಕೊಡಬೇಡಿ, ನಗದಾಗಿ ಕೊಡಲೇಬೇಡಿ. ‘ಇನ್ನೊಬ್ಬರು ಸಂಜೆ ಬರ್ತಾರೆ’ ಎಂದರೆ ಅವರೇ ಕೊಳ್ಳಲಿ.

ಕೊಂಡ ಮೇಲೆ, ಬಂದು ನೆಲೆಸಿದ ಮೇಲೆ

ಕೊಂಡ ದಿನವೇ ಜಾಗಕ್ಕೆ ಬೇಲಿ ಹಾಕಿ, ಹೆಸರು, ಸರ್ವೆ ನಂಬರ್ ಬರೆದ ಬೋರ್ಡು ನೆಡಿ. ತಿಂಗಳಿಗೊಮ್ಮೆ ಹೋಗಿ ಬನ್ನಿ. ಖಾಲಿ ಸೈಟು ಮೊದಲು ಕಸಕ್ಕೆ, ಆಮೇಲೆ ಕಟ್ಟಡದ ಮಣ್ಣಿಗೆ, ಕೊನೆಗೆ ಇನ್ನೊಬ್ಬರ ಶೆಡ್ಡಿಗೆ ಜಾಗವಾಗುತ್ತದೆ.

1,200 ಚದರಡಿ ಸೈಟಿನಲ್ಲಿ ಹೊಸದಾಗಿ ಕಟ್ಟಿದರೂ ಮಳೆನೀರು ಸಂಗ್ರಹ ಕಡ್ಡಾಯ. ದಂಡ ತಪ್ಪಿಸಲು ಒಂದು ಡ್ರಮ್ ಇಟ್ಟು ಸುಮ್ಮನಾಗಬೇಡಿ. 2024ರ ಮಾರ್ಚ್‌ನಲ್ಲಿ ಬೋರ್‌ವೆಲ್‌ಗಳು ಬತ್ತಿ, ಟ್ಯಾಂಕರಿಗೆ ಜಿಲ್ಲಾಡಳಿತವೇ ದರ ನಿಗದಿ ಮಾಡಬೇಕಾಯಿತು. ಇಂಗುಗುಂಡಿ ತೋಡಿ.

ಊರಿನ ಜೊತೆ ಇರಿ. ಜಾತ್ರೆಯ ದಿನ ದಾರಿ ಬಂದ್ ಆಗುತ್ತದೆ, ತಮಟೆ ಕೇಳುತ್ತದೆ. ದೂರು ಬರೆಯುವ ಬದಲು ಹಿಂದಿನ ದಿನವೇ ಗಾಡಿ ಬೇರೆ ಕಡೆ ನಿಲ್ಲಿಸಿ. ಹಸು ಓಡಾಡುವ ದಾರಿಗೆ ಗೇಟು ಹಾಕಬೇಡಿ, ಅದು ಗ್ರಾಮ ನಕ್ಷೆಯಲ್ಲಿ ಗುರುತಾದ ದಾರಿಯಾಗಿರಬಹುದು. ಕೆರೆಯಂಗಳಕ್ಕೆ ಕಸ ಸುರಿಯಬೇಡಿ, ಸುರಿಯುವವರನ್ನು ನೋಡಿ ಸುಮ್ಮನಿರಬೇಡಿ.

ಕೊನೆಯದು: ಮೇಲಿನ ದಾಖಲೆಗಳಲ್ಲಿ ಒಂದಕ್ಕಾದರೂ ‘ಆಮೇಲೆ ಕೊಡ್ತೀನಿ ಸಾರ್’ ಎಂಬ ಉತ್ತರ ಬಂದರೆ, ಅಡ್ವಾನ್ಸನ್ನೂ ಆಮೇಲೆಯೇ ಕೊಡಿ.